ಏಳನೇ ಉತ್ತರ

ಬೆಳಿಗ್ಗೆ ಒಂಬತ್ತಕ್ಕೆ ನಾದಿನಿ ಊಟದ ಮೇಜಿನ ಒಂದು ತುದಿಯನ್ನು ಒರೆಸಿ, ಕನ್ನಡಕ ಏರಿಸಿ, ಲ್ಯಾಪ್‌ಟಾಪ್ ತೆರೆದು ಕೂತಳೆಂದರೆ ಸಂಜೆ ಆರರವರೆಗೆ ಅವಳು ದೊಡ್ಡಮ್ಮ.

ದೊಡ್ಡಮ್ಮ ಎಂಬುದು ಒಂದು ಧಾರಾವಾಹಿಯ ಪಾತ್ರ. ಹನ್ನೊಂದು ವರ್ಷ, ವಾರಕ್ಕೆ ಐದು ದಿನ, ಟೀವಿಯಲ್ಲಿ ಬಂದು ಕಂಡವರ ಮನೆಯ ಕಷ್ಟವನ್ನೆಲ್ಲ ಅರ್ಧ ಗಂಟೆಯಲ್ಲಿ ಬಗೆಹರಿಸಿ ಹೋಗುತ್ತಿದ್ದ ಹೆಂಗಸು. ಆ ಪಾತ್ರ ಮಾಡಿದವಳು ಅತ್ತಿಗೆ, ಎಂದರೆ ನಾದಿನಿಯ ತೀರಿಹೋದ ಅಣ್ಣನ ಹೆಂಡತಿ. ಧಾರಾವಾಹಿ ಮುಗಿದು ಮೂರು ವರ್ಷವಾಗಿದ್ದರೂ ಜನ ಬಿಟ್ಟಿರಲಿಲ್ಲ. ಅತ್ತಿಗೆಯ ಹೆಸರಿನ ಪೇಜನ್ನು ಎಂಟು ಲಕ್ಷ ಜನ ಹಿಂಬಾಲಿಸುತ್ತಿದ್ದರು. ದಿನಕ್ಕೆ ಇನ್ನೂರು ಮುನ್ನೂರು ಪತ್ರ. ಗಂಡ ಮಾತು ಬಿಟ್ಟಿದ್ದಾನೆ ದೊಡ್ಡಮ್ಮ. ಮಗಳು ಪರೀಕ್ಷೆಯಲ್ಲಿ ಫೇಲಾಗಿ ಕೋಣೆಯಿಂದ ಹೊರಗೆ ಬರುತ್ತಿಲ್ಲ ದೊಡ್ಡಮ್ಮ. ಒಂದೇ ಒಂದು ಮಾತು ಹೇಳಿ ದೊಡ್ಡಮ್ಮ, ಸಾಕು.

ಅತ್ತಿಗೆಗೆ ಇದನ್ನೆಲ್ಲ ಓದುವ ತಾಳ್ಮೆ ಇರಲಿಲ್ಲ. ಪಕ್ಕದ ಮನೆಯವರು ಕೆಮ್ಮಿದರೆ ಕಿಟಕಿ ಹಾಕಿಕೊಳ್ಳುವ ಪೈಕಿ ಅವಳು. "ಊರಿಗೆ ಉಪಕಾರಿ, ಮನೆಗೆ ಮಾರಿ" ಎಂದು ಅಣ್ಣ ಬದುಕಿದ್ದಾಗ ಚುಡಾಯಿಸುತ್ತಿದ್ದ. ಕೆಟ್ಟವಳೇನಲ್ಲ, ಬೇರೆಯವರ ಅಳು ಕೇಳಿದರೆ ಕೈಯನ್ನು ಎಲ್ಲಿಡಬೇಕು, ಕಣ್ಣನ್ನು ಎಲ್ಲಿಡಬೇಕು ಎಂದು ಅವಳಿಗೆ ತೋಚುತ್ತಿರಲಿಲ್ಲ. ಯಾರಾದರೂ ಬರೆದುಕೊಟ್ಟರೆ ಮಾತ್ರ ಕ್ಯಾಮೆರಾ ಮುಂದೆ ಕಲ್ಲು ಕರಗುವ ಹಾಗೆ ಆಡುತ್ತಿದ್ದಳು.

ಪತ್ರಗಳಿಗೆ ಉತ್ತರ ಬರೆದುಕೊಡುವವಳು ನಾದಿನಿ. ಇಪ್ಪತ್ತಾರು ವರ್ಷ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದಿದವಳು. ಮುದ್ರಣಾಲಯ ಮುಚ್ಚಿದ ವರ್ಷವೇ ಅಣ್ಣನೂ ಹೋದ. "ಹೇಗೂ ಮನೇಲೇ ಇರ್ತೀಯಲ್ಲ, ಇವಕ್ಕೆ ಎರಡೆರಡು ಸಾಲು ಬರೆದು ಹಾಕು" ಎಂದು ಅತ್ತಿಗೆ ಫೋನನ್ನು ಅವಳ ಮುಂದೆ ನೂಕಿದ್ದಳು. ಆರು ವರ್ಷವಾದರೂ ಆ ಎರಡೆರಡು ಸಾಲು ಮುಗಿದಿರಲಿಲ್ಲ.

ಮೊದಮೊದಲು ಒಂದೊಂದು ಪತ್ರಕ್ಕೂ ಬೇರೆಬೇರೆಯಾಗಿ ಯೋಚಿಸಿ ಬರೆಯುತ್ತಿದ್ದಳು. ಪಾತ್ರೆ ತೊಳೆಯುವಾಗಲೂ ಯಾರದೋ ಮಗಳ ವಿಷಯ ತಲೆಯಲ್ಲಿರುತ್ತಿತ್ತು. ಹಾಗೆ ಎಷ್ಟು ದಿನ ನಡೆದೀತು? ಬಾವಿ ಎಷ್ಟೇ ಆಳವಿದ್ದರೂ ದಿನಕ್ಕೆ ಮುನ್ನೂರು ಕೊಡ ಸೇದಿದರೆ ತಳ ಕಾಣುತ್ತದೆ. ಮೂರನೇ ವರ್ಷದ ಹೊತ್ತಿಗೆ ಅವಳು ಹದಿಮೂರು ಸಿದ್ಧ ಉತ್ತರಗಳನ್ನು ಬರೆದಿಟ್ಟುಕೊಂಡಳು. ಸಾವಿಗೆ ಒಂದು ಮತ್ತು ಎರಡು. ಗಂಡ ಹೆಂಡಿರ ಜಗಳಕ್ಕೆ ನಾಲ್ಕು. ಪರೀಕ್ಷೆಗೆ ಐದು. ಏನು ಮಾಡಲಿ ಎಂದು ಕೇಳಿದವರಿಗೆಲ್ಲ ಏಳು: "ನಿಮ್ಮ ಮನಸ್ಸು ಹೇಳಿದ ಹಾಗೆ ನಡೀರಿ. ಮನಸ್ಸು ಸುಳ್ಳು ಹೇಳಲ್ಲ. ನಿಮ್ಮ ದೊಡ್ಡಮ್ಮ ನಿಮ್ಮ ಜೊತೆಗಿದ್ದಾಳೆ." ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಆ ಕಡೆಯವರಿಗೂ ಬೆಳಕು, ಈ ಕಡೆಯವರಿಗೂ ಬೆಳಕು. ಒಂದು ಕೀಲಿ ಒತ್ತಿದರೆ ಇಡೀ ಉತ್ತರ ತಾನೇ ಬಂದು ಕೂರುವ ಹಾಗೆ ಲ್ಯಾಪ್‌ಟಾಪಿನಲ್ಲಿ ಹೊಂದಿಸಿಕೊಂಡಿದ್ದಳು.

ವಾರಕ್ಕೊಮ್ಮೆ ಮ್ಯಾನೇಜರ್ ಬರುತ್ತಿದ್ದ. ಬೊಕ್ಕತಲೆಯ, ಸದಾ ಬೆವರುವ ಮನುಷ್ಯ. ನಟರ ಪೇಜುಗಳನ್ನು ನೋಡಿಕೊಳ್ಳುವುದೇ ಅವನ ಕಸುಬು. "ಎಂಗೇಜ್‌ಮೆಂಟ್ ಬಿದ್ದುಹೋಗಿದೆ" ಎಂದು ಅವನು ಮೊದಲ ಸಲ ಮುಖ ಸಣ್ಣದು ಮಾಡಿಕೊಂಡು ಹೇಳಿದಾಗ ನಾದಿನಿ, "ಅಯ್ಯೋ ಪಾಪ, ಯಾವ ಕಡೆಯವರು ಬೇಡ ಅಂದ್ರು?" ಎಂದು ಕೇಳಿದ್ದಳು. ಜನ ಎಷ್ಟು ಹೊತ್ತು ನೋಡಿದರು, ಎಷ್ಟು ಮೆಚ್ಚಿದರು, ಎಷ್ಟು ಬರೆದರು ಎಂಬುದಕ್ಕೆ ಆ ಹೆಸರು ಅಂತ ಆಮೇಲೆ ತಿಳಿಯಿತು. ಅದು ಏರಿದರೆ ಅತ್ತಿಗೆಗೆ ಜಾಹೀರಾತು, ಅಂಗಡಿಗಳ ಉದ್ಘಾಟನೆ. ಇಳಿದರೆ ಮನೆಯಲ್ಲಿ ಕೂರುವುದು.

ಅಂಥ ಒಂದು ಉದ್ಘಾಟನೆಗೇ ಆ ಹೆಂಗಸು ಬಂದದ್ದು.

ಅದು ಹಾಸಿಗೆ ಅಂಗಡಿ. ಪ್ಲಾಸ್ಟಿಕ್ ಹೊದಿಕೆ ತೆಗೆಯದ ಹಾಸಿಗೆಗಳ ನಡುವೆ ಹಗ್ಗ ಕಟ್ಟಿ ಸಾಲು ಮಾಡಿದ್ದರು. ಒಬ್ಬೊಬ್ಬರೇ ಬಂದು ಅತ್ತಿಗೆಯ ಪಕ್ಕ ನಿಂತು ಫೋಟೊ ತೆಗೆಸಿಕೊಂಡು ಆಚೆ ಬದಿಯ ಬಾಗಿಲಿನಿಂದ ಹೊರಗೆ ಹೋಗಬೇಕು. ತೆಗೆಯುವವಳು ನಾದಿನಿ. ಎರಡು ಗಂಟೆಯಾಗಿತ್ತು, ಅವಳ ಹಿಮ್ಮಡಿ ಉರಿಯುತ್ತಿತ್ತು, ಅತ್ತಿಗೆಯ ನಗು ಕೆನ್ನೆಯ ಮೇಲೆ ಅಂಟಿಸಿದ ಹಾಗಾಗಿತ್ತು. ಆಗ ಐವತ್ತರ ಆಸುಪಾಸಿನ, ಬೂದು ಕೋಟಿನ ಹೆಂಗಸೊಬ್ಬಳು ಹಗ್ಗಕ್ಕೆ ಎಡವಿ, ಸಾವರಿಸಿಕೊಂಡು ಬಂದಳು. ಕಾಗದದ ಚೀಲದಿಂದ ಒಂದು ಶಾಲು ಹೊರಗೆ ತೆಗೆದಳು. ಅಂಚಿನ ಹೊಲಿಗೆ ಇರುವೆ ಸಾಲಿನಷ್ಟು ಸಣ್ಣ.

"ನಾನೇ ಹೊಲಿದದ್ದು ದೊಡ್ಡಮ್ಮ. ಎರಡು ಕಣ್ಣಲ್ಲಿ ಶುರು ಮಾಡಿ ಒಂದು ಕಣ್ಣಲ್ಲಿ ಮುಗಿಸ್ದೆ. ಆ ಮೂಲೇಲಿ ಸ್ವಲ್ಪ ಸೊಟ್ಟ ಆಗಿದೆ, ಅದನ್ನ ನೋಡ್ಬೇಡಿ."

"ಒಳ್ಳೇದಾಗ್ಲಿ" ಎಂದಳು ಅತ್ತಿಗೆ, ಕ್ಯಾಮೆರಾ ಕಡೆ ನೋಡುತ್ತ.

"ಎಡಗಣ್ಣು ಪೂರ್ತಿ ಹೋಯ್ತು. ಆಪರೇಷನ್ ಮಾಡಿಸ್ಕೊಳ್ಳಿ ಅಂತ ಡಾಕ್ಟ್ರು ಹೇಳಿದ್ರು, ನನಗೆ ಭಯ. ನಿಮ್ಮನ್ನ ಕೇಳ್ದೆ. ಮನಸ್ಸು ಹೇಳಿದ ಹಾಗೆ ನಡೀರಿ ಅಂದ್ರಿ. ಮನಸ್ಸು ಬೇಡ ಅಂತು." ಅವಳ ದನಿಯಲ್ಲಿ ದೂರಿನ ಸುಳಿವೂ ಇರಲಿಲ್ಲ. "ಹೋದ್ರೆ ಹೋಯ್ತು ಬಿಡಿ. ಆ ಹೊತ್ತಲ್ಲಿ ನನ್ನ ಜೊತೆಗಿದ್ದೋರು ನೀವೊಬ್ಬರೇ. ಅದನ್ನ ಹೇಳಿ ಹೋಗೋಣ ಅಂತ ಬಂದೆ."

ಅತ್ತಿಗೆ ಅವಳ ಹೆಗಲ ಮೇಲೆ ಕೈಯಿಟ್ಟು ಧಾರಾವಾಹಿಯ ನಗೆ ನಕ್ಕಳು. ಅವಳಿಗೆ ಏನೊಂದೂ ಅರ್ಥವಾಗಿರಲಿಲ್ಲ. ನಾದಿನಿಯ ಬೆರಳು ಫೋನಿನ ಮೇಲೆ ನಿಂತೇಹೋಯಿತು.

"ಫೋಟೊ ಬಂತಾ?" ಎಂದು ಆ ಹೆಂಗಸು ಮುಖವನ್ನು ಪೂರ್ತಿ ಎಡಕ್ಕೆ ತಿರುಗಿಸಿ, ಬಲಗಣ್ಣಿನಿಂದ ಅವಳನ್ನು ಹುಡುಕಿ ಕೇಳಿದಳು.

"ಬಂತು" ಎಂದಳು ನಾದಿನಿ. ಬಂದಿರಲಿಲ್ಲ.

ಮನೆಗೆ ಬಂದವಳು ಚಪ್ಪಲಿ ಬಿಡುವುದಕ್ಕೂ ಮೊದಲು ಪೇಜಿನಲ್ಲಿ 'ಕಣ್ಣು', 'ಆಪರೇಷನ್' ಎಂದು ಹಾಕಿ ಆ ಹೆಂಗಸಿನ ಪತ್ರ ಹುಡುಕಿದಳು. ಸಿಕ್ಕಿತು. ಹದಿನಾಲ್ಕು ತಿಂಗಳ ಹಿಂದಿನದು, ಒಂದು ಮಂಗಳವಾರ ಮಧ್ಯಾಹ್ನದ ಪತ್ರ. ಉದ್ದಕ್ಕೆ ಬರೆದಿದ್ದಳು. ಕಣ್ಣೊಳಗಿನ ಒತ್ತಡ ಏರಿದೆಯಂತೆ, ಹನಿ ಹಾಕಿದರೂ ಇಳಿಯುತ್ತಿಲ್ಲವಂತೆ, ಹೀಗೇ ಬಿಟ್ಟರೆ ಹೋದ ದೃಷ್ಟಿ ಮತ್ತೆ ಬರುವುದಿಲ್ಲವಂತೆ. ನಾನು ಹೊಲಿಗೆಯವಳು, ಕತ್ತರಿ ಹಿಡಿದೇ ಬದುಕಿದವಳು, ಆದರೆ ನನ್ನ ಕಣ್ಣಿಗೇ ಕತ್ತರಿ ಎಂದರೆ ಕೈಕಾಲು ತಣ್ಣಗಾಗುತ್ತದೆ. ಒಬ್ಬಳೇ ಇದ್ದೇನೆ. ಏನು ಮಾಡಲಿ ದೊಡ್ಡಮ್ಮ.

ಕೆಳಗೆ ಏಳನೇ ಉತ್ತರ. ಪತ್ರ ಬಂದದ್ದಕ್ಕೂ ಉತ್ತರ ಹೋದದ್ದಕ್ಕೂ ನಡುವೆ ಒಂದು ನಿಮಿಷವೂ ಕಳೆದಿರಲಿಲ್ಲ. ಈಗ ಆ ಪತ್ರವನ್ನು ಪೂರ್ತಿ ಓದಿ ಮುಗಿಸಲು ಅವಳಿಗೆ ಮೂರು ನಿಮಿಷ ಹಿಡಿಯಿತು.

ಆ ಮಂಗಳವಾರ ತನಗೆ ಏನಾಗಿತ್ತು ಎಂದು ನೆನಪಿಸಿಕೊಳ್ಳಲು ನೋಡಿದಳು. ಜ್ವರ ಬಂದಿತ್ತೇ, ಅತ್ತಿಗೆಯ ಜೊತೆ ಮನಸ್ತಾಪವಾಗಿತ್ತೇ? ಏನೂ ಇದ್ದಂತೆ ಕಾಣಲಿಲ್ಲ. ಯಾವ ಗುರುತೂ ಉಳಿಯದ ಒಂದು ದಿನ.

ಅತ್ತಿಗೆ ಸೋಫಾದ ಮೇಲೆ ಕಾಲು ಚಾಚಿ, ಹತ್ತಿಯಿಂದ ಮುಖದ ಬಣ್ಣ ಒರೆಸಿಕೊಳ್ಳುತ್ತಿದ್ದಳು. ನಾದಿನಿ ಎಲ್ಲವನ್ನೂ ಓದಿ ಹೇಳಿದಳು.

"ಅದಕ್ಕೇನೀಗ? ನಾವೇನು ಡಾಕ್ಟ್ರಾ?"

"ಅಲ್ಲ. ಡಾಕ್ಟ್ರು ಹೇಳಿದ್ದನ್ನ ಕೇಳಿ ಅಂತ ಒಂದು ಸಾಲು ಬರೀಬಹುದಿತ್ತು."

"ಟೀವಿಯವಳ ಮಾತು ಕೇಳಿ ಕಣ್ಣು ಕಳ್ಕೊಂಡ್ರೆ ಅದು ಯಾರ ತಪ್ಪು?"

"ನನ್ನದು ಅತ್ತಿಗೆ. ಬರೆದವಳು ನಾನು."

ಅತ್ತಿಗೆ ಬಣ್ಣ ಹತ್ತಿದ ಹತ್ತಿಯುಂಡೆಯನ್ನು ತಿರುತಿರುಗಿಸಿ ನೋಡಿದಳು. "ಹೆಸರು ನನ್ನದಲ್ವಾ" ಎಂದಳು ಕೊನೆಗೆ. "ಇಬ್ಬರದ್ದೂ ಅಂತಿಟ್ಕೋ. ಈಗ ಏನ್ ಮಾಡ್ಬೇಕು ಅಂತೀಯ?"

ನಾದಿನಿಗೆ ಗೊತ್ತಿರಲಿಲ್ಲ. ಮ್ಯಾನೇಜರನಿಗೆ ಫೋನ್ ಮಾಡಿದರೆ ಅವನಿಗೆ ಗೊತ್ತಿತ್ತು. "ಮೊದಲು ಆ ಪತ್ರ ಅಳಿಸಿಬಿಡಿ. ಹಾವೂ ಸಾಯಬಾರದು, ಕೋಲೂ ಮುರೀಬಾರದು. ಆಮೇಲೆ ದೊಡ್ಡಮ್ಮನ ಕಡೆಯಿಂದ ಒಂದು ಹೂಗುಚ್ಛ ಕಳಿಸಿ, ಫೋಟೊ ತೆಗೆದು ಹಾಕೋಣ." ನಾದಿನಿ ಅಳಿಸಲಿಲ್ಲ. ಹೂವನ್ನೂ ಕಳಿಸಲಿಲ್ಲ. ಶಾಲು ತಂದ ಕಾಗದದ ಚೀಲದ ಮೇಲೆ ಆ ಹೆಂಗಸಿನ ಹೊಲಿಗೆ ಅಂಗಡಿಯ ವಿಳಾಸವಿತ್ತು. ಮಾರನೇ ದಿನ ಬಸ್ ಹತ್ತಿದಳು.

ಅಂಗಡಿ ಇದ್ದದ್ದು ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಚಪ್ಪಲಿ ರಿಪೇರಿಯವನಿಗೂ ಕೀಲಿ ಮಾಡುವವನಿಗೂ ನಡುವೆ. ಒಬ್ಬರು ಒಳಗೆ ಬಂದರೆ ಇನ್ನೊಬ್ಬರು ಹೊರಗೆ ನಿಲ್ಲಬೇಕು, ಅಷ್ಟು ಜಾಗ. ಯಂತ್ರದ ಮೇಲೆ ಬಾಗಿದ ಒಂದು ದೀಪ, ಅದು ಸಾಲದೆಂದು ಇನ್ನೊಂದು. ಹೊಲಿಗೆಯವಳು ತಲೆಯನ್ನು ಒಂದು ಕಡೆಗೆ ವಾಲಿಸಿಕೊಂಡು ಪ್ಯಾಂಟಿನ ಅಂಚು ಮಡಿಸುತ್ತಿದ್ದಳು.

"ನೀವು ನಿನ್ನೆ ಫೋಟೊ ತೆಗೆದೋರಲ್ವಾ? ದೊಡ್ಡಮ್ಮ ಕಳಿಸಿದ್ರಾ?"

"ಇಲ್ಲ. ನಾನೇ ಬಂದೆ." ನಾದಿನಿ ಬಸ್ಸಿನಲ್ಲಿ ಕೂತು ಹತ್ತು ಸಲ ಜೋಡಿಸಿಕೊಂಡ ಮಾತುಗಳೆಲ್ಲ ಆ ಸಣ್ಣ ಕೋಣೆಯಲ್ಲಿ ಎಲ್ಲೋ ಬಿದ್ದುಹೋದವು. "ದೊಡ್ಡಮ್ಮ ಯಾರ ಪತ್ರಾನೂ ಓದಲ್ಲ. ಉತ್ತರ ಬರೆಯೋಳು ನಾನು. ನಿಮಗೆ ಬರೆದದ್ದೂ ನಾನೇ. ನಿಮ್ಮ ಪತ್ರ ಪೂರ್ತಿ ಓದಿರ್ಲಿಲ್ಲ. ಕೊನೇ ಸಾಲು ನೋಡಿ ಒಂದು ಸಿದ್ಧ ಉತ್ತರ ಹಾಕಿದೆ."

ಯಂತ್ರ ನಿಂತಿತು. ಪಕ್ಕದ ಅಂಗಡಿಯಲ್ಲಿ ಕೀಲಿಯ ಮೇಲೆ ಅರ ಉಜ್ಜುವ ಸದ್ದು ಮಾತ್ರ ಕೇಳುತ್ತಿತ್ತು. ಹೊಲಿಗೆಯವಳು ಸೂಜಿಯಿಂದ ದಾರ ಬಿಡಿಸಿದಳು, ಮತ್ತೆ ಪೋಣಿಸಲು ನೋಡಿದಳು. ಮೂರು ಸಲ ತಪ್ಪಿ ನಾಲ್ಕನೆಯದಕ್ಕೆ ಪೋಣಿಸಿದಳು.

"ಅವತ್ತು ನಿಮಗೆ ಏನಾಗಿತ್ತು?" ಎಂದು ಕೇಳಿದಳು.

"ಏನೂ ಆಗಿರ್ಲಿಲ್ಲ. ಸುಸ್ತಾಗಿತ್ತು."

"ಹೂಂ. ಸುಸ್ತಾದಾಗ ನನ್ನ ಹೊಲಿಗೇನೂ ಸೊಟ್ಟ ಹೋಗುತ್ತೆ. ಬಿಚ್ಚಿ ಮತ್ತೆ ಹೊಲೀತೀನಿ." ಪ್ಯಾಂಟಿನ ಅಂಚನ್ನು ಹೆಬ್ಬೆರಳಿನಿಂದ ಒತ್ತಿ ಮಡಿಸಿದಳು. "ಇದನ್ನ ಬಿಚ್ಚೋಕಾಗಲ್ವಲ್ಲ."

"ತಪ್ಪಾಯ್ತು" ಎಂದಳು ನಾದಿನಿ.

"ಪರವಾಗಿಲ್ಲ ಬಿಡಿ ಅಂತ ನಾನು ಅಂದ್ರೆ ನೀವು ಹಗುರಾಗಿ ಮನೆಗೆ ಹೋಗ್ತೀರ. ನಾನು ಇಲ್ಲೇ ಕೂತಿರ್ತೀನಿ." ಹೊಲಿಗೆಯವಳ ದನಿ ಏರಲಿಲ್ಲ, ಅಳತೆ ಹೇಳುವ ದನಿಯಲ್ಲೇ ಹೇಳಿದಳು. "ಕಣ್ಣಿನದು ಒಂದು ಕಡೆ ಇರ್ಲಿ. ಒಂದು ವರ್ಷ ನಾನು ಯಾರ ಹತ್ತಿರ ಮಾತಾಡ್ತಿದ್ದೆ ಅಂತಲೇ ಈಗ ಗೊತ್ತಾಗ್ತಿಲ್ಲ. ಅದು ಜಾಸ್ತಿ ನೋಯ್ತಿದೆ."

ನಾದಿನಿ ಬಾಗಿಲ ಚೌಕಟ್ಟು ಹಿಡಿದು ನಿಂತೇ ಇದ್ದಳು.

"ಬುಧವಾರ ಬಲಗಣ್ಣಿಂದು ಆಪರೇಷನ್" ಎಂದಳು ಹೊಲಿಗೆಯವಳು, ಪ್ಯಾಂಟನ್ನು ಮತ್ತೆ ಯಂತ್ರಕ್ಕೆ ಕೊಡುತ್ತ. "ಈ ಸಲ ಮನಸ್ಸನ್ನ ಕೇಳ್ಲಿಲ್ಲ. ಜೊತೆಗೆ ಒಬ್ಬರು ಇರ್ಲೇಬೇಕಂತೆ, ಸಹಿ ಹಾಕೋಕೆ, ಮನೆಗೆ ಕರ್ಕೊಂಡು ಹೋಗೋಕೆ. ತಮ್ಮ ಲಾರಿ ಓಡಿಸ್ತಾನೆ, ಈ ವಾರ ಎಲ್ಲಿರ್ತಾನೋ. ಬೆಳಿಗ್ಗೆ ಎಂಟಕ್ಕೆ. ನೀವು ಬನ್ನಿ."

ಬುಧವಾರ ಹನ್ನೊಂದಕ್ಕೆ ದೊಡ್ಡಮ್ಮನ ಲೈವ್ ಇತ್ತು. ಅಭಿಮಾನಿಗಳು ಕೇಳಿದ್ದಕ್ಕೆಲ್ಲ ಒಂದು ಗಂಟೆ ನೇರವಾಗಿ ಉತ್ತರ. ಅದಕ್ಕೆ ದುಡ್ಡು ಹಾಕುವವರು ಆ ಹಾಸಿಗೆ ಅಂಗಡಿಯ ಕಂಪನಿಯವರು. ಇಂಥ ದಿನ ನಾದಿನಿ ಕ್ಯಾಮೆರಾದ ಹಿಂದೆ ಕೂತು ದೊಡ್ಡ ಅಕ್ಷರದಲ್ಲಿ ಉತ್ತರ ಟೈಪ್ ಮಾಡುತ್ತಿದ್ದಳು, ಅತ್ತಿಗೆ ಅದನ್ನು ಆಗಷ್ಟೇ ಮನಸ್ಸಿಗೆ ಬಂದ ಮಾತೆಂಬಂತೆ ಹೇಳುತ್ತಿದ್ದಳು. ಬುಧವಾರ ತಾನಿರುವುದಿಲ್ಲ ಎಂದಾಗ ಮ್ಯಾನೇಜರ್ ಕರವಸ್ತ್ರದಿಂದ ತಲೆ ಒರೆಸಿಕೊಂಡ. ಅತ್ತಿಗೆ ಕೇಳಿದಳು, "ನೀನಿಲ್ದೆ ನಾನು ಏನ್ ಹೇಳ್ಲಿ?"

"ಬಾಯಿಗೆ ಬಂದದ್ದು ಹೇಳಿ."

"ನನ್ನ ಬಾಯಿ ನಿನಗೆ ಗೊತ್ತಲ್ಲ" ಎಂದಳು ಅತ್ತಿಗೆ. ಆದರೆ ತಡೆಯಲಿಲ್ಲ.

ಆಸ್ಪತ್ರೆಯಲ್ಲಿ ನರ್ಸು ಕಾಗದದ ಮೇಲೆ ಬೆರಳಿಟ್ಟು ಕೇಳಿದಳು, "ಇಲ್ಲಿ ಸಂಬಂಧ ಬರೀರಿ. ಅಕ್ಕತಂಗೀರಾ?"

"ಅಲ್ಲ" ಎಂದಳು ಹೊಲಿಗೆಯವಳು. "ಗೊತ್ತಿರೋರು, ಅಷ್ಟೆ."

ನಾದಿನಿ ಹಾಗೇ ಬರೆದು ಸಹಿ ಹಾಕಿದಳು. ಹೊಲಿಗೆಯವಳು ಕೋಟು, ಕೈಗಡಿಯಾರ, ಚೀಲ ಎಲ್ಲವನ್ನೂ ಅವಳ ಮಡಿಲಿಗೆ ಇಟ್ಟು ಒಳಗೆ ಹೋದಳು. ಒಳಗೆ ಹೋಗುವ ಮೊದಲು ಒಂದು ಕ್ಷಣ ನಿಂತು ಕಾರಿಡಾರನ್ನು ಆ ತುದಿಯಿಂದ ಈ ತುದಿಗೆ ನೋಡಿದಳು: ಹಸಿರು ಬಣ್ಣದ ಕುರ್ಚಿಗಳು, ನೀರಿನ ಯಂತ್ರ, ಗೋಡೆಯ ಮೇಲೆ ಕಣ್ಣಿನ ದೊಡ್ಡ ಚಿತ್ರ. ನಾದಿನಿಯನ್ನೂ ನೋಡಿದಳು.

ಹನ್ನೊಂದಕ್ಕೆ ನಾದಿನಿ ಕಿವಿಗೆ ತಂತಿ ಸಿಕ್ಕಿಸಿಕೊಂಡು ಫೋನಿನಲ್ಲಿ ಲೈವ್ ಹಾಕಿದಳು. ಅತ್ತಿಗೆ ಮಗ್ಗುಲಲ್ಲಿ ಒಂದು ಬಿಳಿ ದಿಂಬು ಇಟ್ಟುಕೊಂಡು, ಶಾಲೆಯಲ್ಲಿ ಎಬ್ಬಿಸಿ ನಿಲ್ಲಿಸಿದ ಹುಡುಗಿಯ ಹಾಗೆ ಕೂತಿದ್ದಳು. ಮೊದಲ ಪ್ರಶ್ನೆ ಸೊಸೆ ಮಾತು ಕೇಳುವುದಿಲ್ಲ ಎಂಬುದು. ಅತ್ತಿಗೆ ಅದನ್ನು ಓದಿ, ಅಭ್ಯಾಸಬಲದಿಂದ ಕ್ಯಾಮೆರಾದ ಹಿಂದೆ ಒಮ್ಮೆ ನೋಡಿದಳು. ಅಲ್ಲಿ ಏನೂ ಸಿಗಲಿಲ್ಲವೆಂದು ಕಾಣುತ್ತದೆ. "ಹಾಗಾದ್ರೆ ಮಾತಾಡೋದು ಕಮ್ಮಿ ಮಾಡಿ" ಎಂದಳು. ಗಂಡ ಗೊರಕೆ ಹೊಡೆಯುತ್ತಾನೆ ಎಂದವಳಿಗೆ, "ಗಂಡ ಇದ್ದಾಗ ಎಲ್ಲರೂ ಹಾಗೇ ಅಂತಾರೆ" ಎಂದಳು. ಇನ್ನೊಬ್ಬಳು ಬರೆದಿದ್ದಳು, ನಿದ್ದೆಯೇ ಬರುವುದಿಲ್ಲ ದೊಡ್ಡಮ್ಮ, ಏನು ಮಾಡಲಿ. "ನನಗೂ ಬರಲ್ಲ" ಎಂದಳು ಅತ್ತಿಗೆ, ಹಾಸಿಗೆ ಕಂಪನಿಯವರ ದಿಂಬಿನ ಮೇಲೆ ಮೊಣಕೈಯೂರಿ. "ಆರು ವರ್ಷದಿಂದ. ಯಾವ ಹಾಸಿಗೇಲೂ."

ನಾದಿನಿ ಬಾಯಿಗೆ ಕೈ ಅಡ್ಡ ಹಿಡಿದಳು. ನಗುವೋ ಅಳುವೋ ಅವಳಿಗೇ ಗೊತ್ತಾಗಲಿಲ್ಲ. ಕೆಳಗೆ ಜನ ಬರೆಯುತ್ತಿದ್ದದ್ದು ಸರಸರನೆ ಮೇಲೇರುತ್ತಿತ್ತು. ಇವರು ನಮ್ಮ ದೊಡ್ಡಮ್ಮ ಅಲ್ಲ. ದೊಡ್ಡಮ್ಮನಿಗೆ ಹುಷಾರಿಲ್ಲವಾ? ಪೇಜನ್ನು ಯಾರೋ ಕದ್ದಿದ್ದಾರೆ, ಪೊಲೀಸರಿಗೆ ಹೇಳಿ. ಆರು ವರ್ಷದಲ್ಲಿ ಮೊದಲ ಸಲ ದೊಡ್ಡಮ್ಮ ಸ್ವತಃ ಮಾತಾಡಿದ ದಿನ ಅವಳನ್ನು ಯಾರೂ ನಂಬಲಿಲ್ಲ.

ಮುಗಿಯುವ ಹೊತ್ತಿಗೆ ಒಬ್ಬ ಮುದುಕನ ಪ್ರಶ್ನೆ ಬಂತು. ಮೊಣಕಾಲಿನ ಆಪರೇಷನ್ ಅನ್ನುತ್ತಾರೆ, ಮಾಡಿಸಲೋ ಬೇಡವೋ. ಅತ್ತಿಗೆ ಅದನ್ನು ಮನಸ್ಸಿನಲ್ಲೇ ಎರಡು ಸಲ ಓದಿದಳು. ತುಟಿ ಅಲುಗುವುದು ಕಾಣುತ್ತಿತ್ತು. "ನೋಡಿ, ನಾನು ನಾಟಕ ಆಡೋಳು. ನನಗೇನು ಗೊತ್ತು? ನಿಮ್ಮ ಡಾಕ್ಟ್ರ ಹತ್ತಿರ ಹೋಗಿ, ಸಂಶಯ ಇದ್ರೆ ಇನ್ನೊಬ್ಬ ಡಾಕ್ಟ್ರ ಹತ್ತಿರ ಹೋಗಿ. ನನ್ನ ಕೇಳ್ಬೇಡಿ. ಯಾರೂ ಕೇಳ್ಬೇಡಿ." ಆಮೇಲೆ ಎದ್ದು ಹೋದಳು. ಇನ್ನೂ ಹದಿನೈದು ನಿಮಿಷವಿತ್ತು. ದಿಂಬು ಒಂದೇ ಉಳಿಯಿತು.

ಮಧ್ಯಾಹ್ನ ಹೊಲಿಗೆಯವಳನ್ನು ಕಣ್ಣಿಗೆ ಪಟ್ಟಿ ಕಟ್ಟಿ ಹೊರಗೆ ಕರೆತಂದರು. ಈಗ ಅವಳಿಗೆ ಏನೂ ಕಾಣುತ್ತಿರಲಿಲ್ಲ. ನಾದಿನಿ ಅವಳ ತೋಳು ಹಿಡಿದಳು. ಅವಳು ಬಿಡಿಸಿಕೊಂಡು, ತಾನೇ ನಾದಿನಿಯ ತೋಳು ಹಿಡಿದಳು. ಬಾಡಿಗೆ ಕಾರಿನಲ್ಲಿ ಅವಳ ಮನೆಗೆ ಬಂದರು. ಅಂಗಡಿಯ ಮೇಲಿನ ಕೋಣೆಗೆ ಹದಿನೇಳು ಮೆಟ್ಟಿಲು, ಅವಳೇ ಎಣಿಸಿಕೊಂಡು ಹತ್ತಿದಳು. ನಾದಿನಿ ಗಂಜಿಯಂಥದ್ದೇನೋ ಕಾಯಿಸಿ ಕೊಟ್ಟಳು, ಮಾತ್ರೆ ನುಂಗಿಸಿದಳು, ಹಾಸಿಗೆಯ ಪಕ್ಕ ನೀರು, ಫೋನು, ಟವೆಲು ಎಲ್ಲೆಲ್ಲಿವೆ ಎಂದು ಅವಳ ಕೈ ಹಿಡಿದು ಮುಟ್ಟಿಸಿದಳು. ಹೊಲಿಗೆಯವಳ ತಮ್ಮ ಲಾರಿ ನಿಲ್ಲಿಸಿ ಬಂದ ಮೇಲೆ ಹೊರಟಳು.

"ನಾಳೆ ಪಟ್ಟಿ ಬಿಚ್ತಾರೆ" ಎಂದಳು ಹೊಲಿಗೆಯವಳು, ಮಲಗಿದಲ್ಲಿಂದಲೇ.

"ಬರ್ತೀನಿ."

ಮನೆಗೆ ಬಂದರೆ ಅತ್ತಿಗೆ ಊಟದ ಮೇಜಿನ ಮುಂದೆ ಕೂತಿದ್ದಳು. ಮುಖದ ಬಣ್ಣ ತೆಗೆದಿರಲಿಲ್ಲ. ಮೂಗಿನ ಮೇಲೆ ನಾದಿನಿಯ ಹಳೇ ಕನ್ನಡಕ, ಮುಂದೆ ತೆರೆದ ಲ್ಯಾಪ್‌ಟಾಪ್.

"ಹಾಸಿಗೆಯವರು ಬೇಡ ಅಂದ್ರು" ಎಂದಳು, ತಲೆಯೆತ್ತದೆ.

"ಅನ್ಲೇಬೇಕಲ್ಲ."

"ಇದೆಲ್ಲ ನನಗೆ ಬರೆದದ್ದಾ?"

"ನಿಮಗೇ."

"ಒಬ್ಬಳು ದಿನಾ ಬೆಳಿಗ್ಗೆ 'ಎದ್ದೆ ದೊಡ್ಡಮ್ಮ' ಅಂತ ಬರೀತಾಳೆ. ಬೇರೇನೂ ಇಲ್ಲ. ನಾಲ್ಕು ವರ್ಷದಿಂದ."

"ಗೊತ್ತು. ಅವಳಿಗೆ ಹನ್ನೊಂದನೇ ಉತ್ತರ."

"ಏನದು?"

"ಶುಭದಿನ."

ಅತ್ತಿಗೆ ಕನ್ನಡಕ ತೆಗೆದು ಕಣ್ಣಿನ ಮೂಲೆ ಒತ್ತಿಕೊಂಡಳು. "ಒಂದು ಗಂಟೆ ಓದೋ ಹೊತ್ತಿಗೆ ಎದೆ ಮೇಲೆ ಯಾರೋ ಕೂತ ಹಾಗಾಯ್ತು. ನೀನು ಆರು ವರ್ಷ ಹೇಗೆ ಮಾಡ್ದೆ?"

"ಮೂರು ವರ್ಷ ಮಾಡ್ದೆ. ಆಮೇಲೆ ಮಾಡಿದ ಹಾಗೆ ಮಾಡ್ದೆ."

ಅಣ್ಣ ಹೋದ ಮೇಲೆ ಅವರಿಬ್ಬರೂ ಹೀಗೆ ಎದುರುಬದುರು ಕೂತು ಮಾತಾಡಿದ್ದೇ ಕಡಿಮೆ. ಅತ್ತಿಗೆ ಹೇಳುತ್ತ ಹೋದಳು, ನಾದಿನಿ ಬರೆದಳು. ಎರಡು ಕಡೆ ವ್ಯಾಕರಣ ತಿದ್ದಿದಳು, ಒಂದು ಕಡೆ ಅತ್ತಿಗೆಯ ಸಿಡುಕನ್ನು ಹಾಗೇ ಬಿಟ್ಟಳು. ಪೇಜಿನಲ್ಲಿ ಅವತ್ತು ಹಾಕಿದ್ದು ಇಷ್ಟು: "ಇಷ್ಟು ವರ್ಷ ನಿಮಗೆ ಉತ್ತರ ಬರೆದವಳು ನನ್ನ ನಾದಿನಿ. ನಾನಲ್ಲ. ನನಗೆ ಅಷ್ಟು ಒಳ್ಳೆಯ ಮಾತು ಬರುವುದಿಲ್ಲ. ಇನ್ನು ಮುಂದೆ ಅವಳು ಓದಲಾದಷ್ಟನ್ನು ಓದಿ ತನ್ನ ಹೆಸರಿನಲ್ಲೇ ಬರೆಯುತ್ತಾಳೆ. ಕಾಯಿಲೆಗೆ ಡಾಕ್ಟರನ್ನು ಕೇಳಿ."

ಒಂದು ತಿಂಗಳಲ್ಲಿ ಮೂರು ಲಕ್ಷ ಜನ ಪೇಜ್ ಬಿಟ್ಟು ಹೋದರು. ಮ್ಯಾನೇಜರ್ ಬರುವುದು ನಿಲ್ಲಿಸಿದ. ಅತ್ತಿಗೆ ಒಂದು ಸಣ್ಣ ಧಾರಾವಾಹಿಯಲ್ಲಿ ಸಿಡುಕು ಮೋರೆಯ ಅಜ್ಜಿಯ ಪಾತ್ರಕ್ಕೆ ಒಪ್ಪಿಕೊಂಡಳು. ಅಭ್ಯಾಸವೇ ಬೇಕಾಗಿಲ್ಲ ಎಂದು ಅವಳೇ ಹೇಳಿಕೊಂಡಳು. ಸಿಟ್ಟಿನ ಪತ್ರಗಳು ಬಂದವು. ಆರು ವರ್ಷ ನಾವು ಯಾರ ಹತ್ತಿರ ಮಾತಾಡಿದೆವು, ಹೇಳಿ. ಅವಕ್ಕೆ ನಾದಿನಿ ಒಂದೊಂದಾಗಿ ಉತ್ತರ ಬರೆದಳು: ನನ್ನ ಹತ್ತಿರ, ಕೆಲವು ಸಲ ಯಾರ ಹತ್ತಿರವೂ ಅಲ್ಲ. 'ಎದ್ದೆ' ಎಂದು ಬರೆಯುವವಳು ಹತ್ತು ದಿನ ಏನೂ ಬರೆಯಲಿಲ್ಲ. ಹನ್ನೊಂದನೇ ದಿನ ಬರೆದಳು. 'ನಾನೂ ಎದ್ದೆ' ಎಂದು ನಾದಿನಿ ಉತ್ತರ ಬರೆದಳು.

ಹೊಲಿಗೆಯವಳು ಪೇಜಿಗೆ ಮತ್ತೆಂದೂ ಬರೆಯಲಿಲ್ಲ. ಬಲಗಣ್ಣಿನ ಒತ್ತಡ ಇಳಿದಿತ್ತು. ಇದ್ದಷ್ಟು ದೃಷ್ಟಿ ಉಳಿಯುತ್ತದೆ, ಹೆಚ್ಚು ಬರುವುದಿಲ್ಲ ಎಂದರು ಡಾಕ್ಟರು. ಎರಡು ತಿಂಗಳಿಗೊಮ್ಮೆ ತೋರಿಸಬೇಕು, ಕಣ್ಣಿಗೆ ಔಷಧಿ ಹಾಕಿ ನೋಡುತ್ತಾರಾದ್ದರಿಂದ ವಾಪಸ್ಸು ಕರೆತರಲು ಒಬ್ಬರು ಬೇಕು. ಆ ದಿನ ಬೆಳಿಗ್ಗೆ ನಾದಿನಿ ಬಸ್ ಹತ್ತುತ್ತಿದ್ದಳು. ಹೊಲಿಗೆಯವಳು ಬೇಡ ಅನ್ನುತ್ತಿರಲಿಲ್ಲ, ಬಂದದ್ದು ಒಳ್ಳೆಯದಾಯಿತು ಎಂದೂ ಅನ್ನುತ್ತಿರಲಿಲ್ಲ.

ಮೂರನೆಯ ಸಲ ಹೋದಾಗ ಜನ ಬಹಳವಿದ್ದರು. ಹಸಿರು ಕುರ್ಚಿಗಳಲ್ಲಿ ಪಕ್ಕಪಕ್ಕ ಕೂತು ಮುಕ್ಕಾಲು ಗಂಟೆಯಾಗಿತ್ತು.

"ಇವತ್ತು ಎಷ್ಟು ಬಂದಿತ್ತು ಪತ್ರ?" ಎಂದು ಹೊಲಿಗೆಯವಳು ಇದ್ದಕ್ಕಿದ್ದಂತೆ ಕೇಳಿದಳು.

"ನಲವತ್ತೊಂದು."

"ಓದಿದ್ರಾ?"

"ಹನ್ನೆರಡು ಓದಿದೆ. ಅಷ್ಟೊತ್ತಿಗೆ ಬಸ್ಸಿನ ಹೊತ್ತಾಯ್ತು."

ಹೊಲಿಗೆಯವಳು ತಲೆಯಾಡಿಸಿದಳು. "ಒಂದು ಗಂಟೆಗೊಮ್ಮೆ ಎದ್ದು ದೂರಕ್ಕೆ ನೋಡ್ಬೇಕು. ಇಲ್ಲಾಂದ್ರೆ ಕಣ್ಣು ಕೆಡುತ್ತೆ." ಒಬ್ಬ ಕಸುಬಿನವಳು ಇನ್ನೊಬ್ಬ ಕಸುಬಿನವಳಿಗೆ ಹೇಳುವ ದನಿ.

ನರ್ಸು ಬಾಗಿಲಲ್ಲಿ ನಿಂತು ಅವಳ ಸರದಿಯ ಸಂಖ್ಯೆ ಕೂಗಿದಳು. ಹೊಲಿಗೆಯವಳು ಚೀಲವನ್ನು ನಾದಿನಿಯ ಮಡಿಲಿಗೆ ಹಾಕಿ ಎದ್ದು ಒಳಗೆ ಹೋದಳು. ನಾದಿನಿ ಚೀಲದ ಮೇಲೆ ಎರಡೂ ಕೈಯಿಟ್ಟು, ತಲೆಯನ್ನು ಗೋಡೆಗೆ ಒರಗಿಸಿ, ಅವಳು ಹೊರಗೆ ಬರುವವರೆಗೆ ಕಣ್ಣು ಮುಚ್ಚಿ ಕೂತಳು.